ಒಳಗಿನ ಪ್ಯಾಡ್

ಕಾದ ಕಬ್ಬಿಣದ ವಾಸನೆ, ಅಕ್ಕನ ಕಾರಿನ ಚಕ್ರ ಬಿಚ್ಚುವ ಮೊದಲೇ ಮೂಗಿಗೆ ಬಡಿದಿತ್ತು, ಈಗ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಎತ್ತಿ ನೋಡಿದರೆ ಹೊರಗಿನ ಬ್ರೇಕ್ ಪ್ಯಾಡು ಅರ್ಧ ಬೆರಳು ದಪ್ಪ ಉಳಿದಿದೆ, ಒಳಗಿನದರಲ್ಲಿ ಏನೂ ಇಲ್ಲ, ಬರೀ ಕಬ್ಬಿಣದ ಪಟ್ಟಿ, ಉಜ್ಜಿ ಉಜ್ಜಿ ಪಳಪಳ ಹೊಳೆಯುತ್ತಿದೆ. ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರು. ಕ್ಯಾಲಿಪರ್ ಜಾರಬೇಕಾದ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಅದು ಜಾರದಿದ್ದರೆ ಒಳಗಿನ ಪ್ಯಾಡೊಂದೇ ದುಡಿದು ಸಾಯುತ್ತದೆ, ಇದೇನು ನನಗೆ ಗೊತ್ತಿಲ್ಲದ್ದೇ, ಚಕ್ರ ಬಿಚ್ಚದೆ ಬ್ರೇಕ್ ನೋಡಿದೆ ಅನ್ನುವವನು ಮೆಕ್ಯಾನಿಕ್ಕೇ ಅಲ್ಲ ಅಂತ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವನು — ಹೋದ ತಿಂಗಳು ಬ್ರೇಕ್ ಕಿರ್ ಅನ್ನುತ್ತೆ ಅಂತ ಅಕ್ಕ ಬಂದಾಗ ಮಾಡಿದ್ದೇನು, ಕೈಯಲ್ಲಿ ಟೀ ಲೋಟ ಹಿಡಿದೇ ಕುಕ್ಕರುಗಾಲಲ್ಲಿ ಕೂತು ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟೆ, ಹೊರಗಿನದು ಕಂಡಿತು, ಬೇಕಾದಷ್ಟಿದೆ ಅಕ್ಕ, ಕಿರ್ ಅನ್ನೋದು ತುಕ್ಕು, ಎರಡು ದಿನ ಓಡಿಸಿದ್ರೆ ತಾನೇ ಹೋಗುತ್ತೆ ಅಂದೆ. ಬೇರೆಯವರ ಗಾಡಿಯಾಗಿದ್ದರೆ ಜ್ಯಾಕ್ ಏರಿಸದೆ ಬಿಡುತ್ತಿರಲಿಲ್ಲ. ಮನೆಯವರದ್ದಲ್ಲವೇ, ಆಮೇಲೆ ನೋಡಿದರಾಯಿತು. ಬೇರೆ ಕಡೆನೂ ತೋರಿಸೋಣ ಎಂದಿದ್ದರಂತೆ ಭಾವ, ನನ್ನ ತಮ್ಮ ನೋಡಿದಾನೆ ಅಂದ್ಮೇಲೆ ಮುಗೀತು ಎಂದು ಅಕ್ಕನೇ ಅವರ ಬಾಯಿ ಮುಚ್ಚಿಸಿದ್ದಳಂತೆ. ಆ ನಂಬಿಕೆಯ ಮೇಲೆ ದಿನಾ ಬೆಳಿಗ್ಗೆ ಆ ಇಳಿಜಾರು, ಕೆಳಗೆ ಶಾಲೆಯ ಗೇಟು, ಹಿಂದಿನ ಸೀಟಿನಲ್ಲಿ ಅವಳ ಮಗಳು ಪುಟ್ಟಿ — ಅಲ್ಲೀಗ ಒಂದು ಕಾಲುಚೀಲ ಬಿದ್ದಿದೆ, ಒಂದೇ ಒಂದು, ನೋಡಬಾರದಿತ್ತು, ನೋಡಿಬಿಟ್ಟೆ. ಇವತ್ತು ಬಂದವಳೇ ಅಕ್ಕ ಅಂದದ್ದು, ಗಾಡಿ ಬಲಕ್ಕೆ ಎಳೀತಿದೆ ಕಣೋ, ಗರಗರ ಅಂತಿದೆ, ನಾನೇ ಸರಿಯಾಗಿ ತುಳೀತಿಲ್ವೇನೋ — ಚಿಕ್ಕಂದಿನಿಂದ ಇದೇ ಬುದ್ಧಿ ಇವಳದು, ಕಿಟಕಿಯ ಗಾಜು ನಾನು ಒಡೆದರೂ ಏಟು ತಿಂದವಳು ಅವಳು.

ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್, ಹೊಸ ಪಿನ್, ಗ್ರೀಸ್, ಪ್ಯಾಡನ್ನು ತಳ್ಳುವ ಪಿಸ್ಟನ್ ಒಳಕ್ಕೆ ಒತ್ತಿಯಾಯಿತು, ಬ್ರೇಕ್ ಪೆಡಲ್ ತುಳಿದೆ, ಮೊದಲ ಸಲ ನೆಲ ಮುಟ್ಟಿತು, ಮತ್ತೆ ತುಳಿದೆ, ಗಟ್ಟಿಯಾಗುತ್ತ ಬಂತು, ಹತ್ತು ಸಲ ಸಾಕು, ಮೂವತ್ತು ಸಲ ತುಳಿದೆ. ಹಳೆಯ ಪಟ್ಟಿ ಜೇಬಿನಲ್ಲಿದೆ, ಅಕ್ಕ ಗ್ಯಾರೇಜಿನೊಳಗೆ ಬಂದ ಕೂಡಲೇ ಕೈ ತಾನಾಗಿ ಬಚ್ಚಿಟ್ಟಿತು. ಏನಾಗಿತ್ತೋ ಎನ್ನುತ್ತಿದ್ದಾಳೆ. ಸವೆದಿತ್ತು ಅಷ್ಟೆ ಅಂದರೆ ಮುಗಿಯಿತು, ನಂಬುತ್ತಾಳೆ, ನಾನು ಏನು ಹೇಳಿದರೂ ನಂಬುತ್ತಾಳೆ, ನನಗೆ ಹೆದರಿಕೆಯಾಗುತ್ತಿರುವುದೇ ಅದಕ್ಕೆ, ನಾಚಿಕೆ ಅದಕ್ಕಿಂತ ಹೆಚ್ಚು — ತೆಗೆದು ಅವಳ ಅಂಗೈಯಲ್ಲಿಟ್ಟೆ, ಹೋದ ತಿಂಗಳು ನಾನು ಚಕ್ರ ಬಿಚ್ಚಲೇ ಇಲ್ಲ ಅಕ್ಕ. ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾಳೆ, ಇದರಲ್ಲಿ ಏನೂ ಇಲ್ವಲ್ಲೋ — ಏನೂ ಇಲ್ಲ, ಇಳಿಜಾರು, ಗೇಟು, ಹಿಂದಿನ ಸೀಟು, ಅವಳ ಅಂಗೈ, ಅದರಲ್ಲಿ ಪಳಪಳ ಹೊಳೆಯುವ ಬರೀ ಕಬ್ಬಿಣ, ಬರೀ ಕಬ್ಬಿಣ