ನಲವತ್ತೊಂದನೆಯ ಅರ್ಜಿದಾರಳು

ಸಾಹೇಬರ ಕೊರಳಿಗೆ ವಕೀಲರ ಬಿಳಿ ಪಟ್ಟಿ ಕಟ್ಟುತ್ತಿದ್ದ ಜಟ್ಟೆಪ್ಪನ ಕೈ ಎರಡು ಸಲ ಗಂಟು ತಪ್ಪಿತು. ಇಪ್ಪತ್ತೆರಡು ವರ್ಷ ಅವರ ಕಾರಕೂನನಾಗಿ ದಿನಾ ಮುಂಜಾನೆ ಕಟ್ಟಿದ ಗಂಟು ಅದು. ಮೈ ತೊಳೆದು, ವಿಭೂತಿ ಹಚ್ಚಿ, ಬಸಲಿಂಗಪ್ಪ ವಕೀಲರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಲಿಂಗವಂತರು ಸತ್ತ ಮೇಲೂ ಮಲಗುವುದಿಲ್ಲ, ಕುಳಿತೇ ಮಣ್ಣಿಗೆ ಹೋಗುತ್ತಾರೆ. "ಕರಿ ಕೋಟ್ ಇಲ್ಲದ ಅಪ್ಪಾಜೀನ್ನ ನಾ ಕಳಸಾಂಗಿಲ್ಲ" ಎಂದು ಮಗಳು ಮೀನಾ ಹಟ ಹಿಡಿದಿದ್ದರಿಂದ ಕೋಟೂ ಬಂತು, ಪಟ್ಟಿಯೂ ಬಂತು. ಎಷ್ಟು ಸವರಿದರೂ ಎಡಗಣ್ಣು ಮಾತ್ರ ಪೂರ್ತಿ ಮುಚ್ಚಿರಲಿಲ್ಲ. ಆ ಅರೆಗಣ್ಣು ತನ್ನನ್ನೇ ನೋಡುತ್ತಿದೆ ಅನ್ನಿಸಿ ಜಟ್ಟೆಪ್ಪ ಬಲಕ್ಕೆ ಸರಿದ. ಅಲ್ಲಿಯೂ ಹಾಗೆಯೇ ಅನ್ನಿಸಿತು.

ಹೊರಗೆ ಅಂಗಳ ತುಂಬಿತ್ತು. ಬೀಗರು ನೆಂಟರು ಒಂದು ಮೂಲೆಯಲ್ಲಿದ್ದರೆ, ಮಿಕ್ಕ ಅಂಗಳವೆಲ್ಲ ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಮೊದಲ ಬಸ್ಸಿಗೆ ಬಂದವರದು. ಅವರಿಗೆ ಸಾಹೇಬರು ಬಂಧುವಲ್ಲ, ಬಳಗವಲ್ಲ. ಎಲ್ಲರೂ ಗ್ಯಾಸ್ ಒಲೆಯ ಕೇಸಿನವರು.

"ನನ್ನ ಮಾರಿ ನೋಡಿದ್ರ ಗುರ್ತ ಹತ್ತತಿರಲಿಲ್ಲ ಅವರಿಗೆ," ಎಂದ ಸವದತ್ತಿಯ ಶಂಕ್ರೆಪ್ಪ. "ಕೇಸಿನ ನಂಬರ್ ಮೂವತ್ತೊಂಬತ್ತ್ರಿ ಅಂದ್ರ ಸಾಕು, ನಮ್ಮ ಎಮ್ಮಿ ಈದೈತೇನು ಅಂತ ಕೇಳತಿದ್ರು."

"ಸ್ವಂತ ಬೀಗರನ್ನ ಮರೀತಿದ್ರಂತ. ನಂಬರ್ ಹಚ್ಚಿರಲಿಲ್ಲ ನೋಡು ಅವರಿಗೆ," ಎಂದು ಅವನ ಹೆಂಡತಿ ಮರೆವ್ವ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕ್ರಿಯೆ ಮಾಡಿಸಬೇಕಾದ ಅಯ್ಯನವರ ಗಾಡಿ ಸಂಪಗಾಂವದ ಹತ್ತಿರ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಇನ್ನೂ ಎರಡು ತಾಸು ಕಾಯಬೇಕು. ಆಗ ಮೀನಾ ಒಂದು ಕಟ್ಟು ಕಾಗದ ಹಿಡಿದು ಹೊರಗೆ ಬಂದಳು. ಅವಳೂ ವಕೀಲಿ ಓದಿದವಳು, ಮೂರು ವರ್ಷದಿಂದ ಅಪ್ಪನ ಕೈಕೆಳಗೇ ಇದ್ದವಳು.

"ಕಾಕಾ, ವಕೀಲ ಸತ್ರ ಅವನ ವಕಾಲತ್ತೂ ಸತ್ತಂಗ. ಬರೂ ಸೋಮವಾರ ಬೆಂಗಳೂರಾಗ ಅಪೀಲ್ ಐತಿ. ಇವತ್ತ ಎಲ್ಲಾರೂ ಬಂದಾರ, ಅಪ್ಪಾಜಿ ಮುಂದನ ಹೊಸಾದಕ್ಕ ಸಹಿ ತಗೋಳೂಣು. ನೀವು ಹಾಜರಿ ಕೂಗ್ರಿ."

"ಇವತ್ತ ಬ್ಯಾಡ್ರಿ ಅಕ್ಕಾರ. ಮನ್ಯಾಗ ಹೆಣಾ ಇಟಗೊಂಡು..."

"ಅಪ್ಪಾಜಿ ಇದ್ದಿದ್ರ ಏನ್ ಅಂತಿದ್ರು ಹೇಳ್ರಿ."

ಏನನ್ನುತ್ತಿದ್ದರು ಎಂಬುದು ಜಟ್ಟೆಪ್ಪನಿಗೆ ಗೊತ್ತಿತ್ತು. ಕೂಗೋ ಮಾರಾಯಾ, ಅನ್ನುತ್ತಿದ್ದರು.

*

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಗ್ಯಾಸ್ ಸಿಗುವುದೆಂದರೆ ವರ ಸಿಕ್ಕ ಹಾಗೆ. ಸುತ್ತಲಿನ ಮೂರು ಊರಿನ ಏಜೆನ್ಸಿಯವರು ಒಳಗೊಳಗೇ ಕೈ ಕೂಡಿಸಿ, ಒಂದೇ ಕಂಪನಿಯ ಒಲೆ ಕೊಂಡವರಿಗಷ್ಟೇ ಸಿಲಿಂಡರ್ ಎಂದರು. ಆ ಒಲೆಯ ಚಾವಿ ಬಂದ್ ಮಾಡಿದರೂ ಸಣ್ಣಗೆ ಗ್ಯಾಸ್ ಸೋರುತ್ತಿತ್ತು. ಬೇಕೆಂದ ಸಾಮಾನಿಗೆ ಬೇಡದ ಸಾಮಾನು ಗಂಟು ಹಾಕುವುದು ಕಾನೂನಿಗೆ ವಿರುದ್ಧ ಎಂದು ಬಸಲಿಂಗಪ್ಪ ವ್ಯಾಪಾರದ ಏಕಸ್ವಾಮ್ಯ ತಡೆಯುವ ದಿಲ್ಲಿಯ ಆಯೋಗಕ್ಕೆ ಬರೆದರು. ಬೆಳಗಾವಿಯ ಗ್ರಾಹಕರ ವೇದಿಕೆಯಲ್ಲಿ ನೂರಾ ಹದಿನೆಂಟು ಮಂದಿಯದು ಒಂದೇ ಅರ್ಜಿ ಹಾಕಿದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಊರ ಹಿರಿಯರು ನಕ್ಕರು.

ಕಂಪನಿಯವರು ಜಾಣರು. ಒಬ್ಬೊಬ್ಬರನ್ನೇ ಕರೆದು ಹೊಸ ಒಲೆ ಕೊಟ್ಟು ರಾಜಿಪತ್ರಕ್ಕೆ ಸಹಿ ಹಾಕಿಸಿಕೊಳ್ಳತೊಡಗಿದರು. ಅದಕ್ಕೇ ಸಾಹೇಬರು ಪ್ರತಿ ತಾರೀಖಿನ ಹಿಂದಿನ ದಿನ ಎಲ್ಲರನ್ನೂ ಅಂಗಳಕ್ಕೆ ಕರೆಸಿ, ನಂಬರಿನ ಪ್ರಕಾರ ಸಾಲು ನಿಲ್ಲಿಸಿ, ಸಾಲಿ ಮಾಸ್ತರರ ಹಾಗೆ ಹಾಜರಿ ಕೂಗಿಸುತ್ತಿದ್ದರು. "ಸಾಲಿನ್ಯಾಗ ಒಂದ ಹಲ್ಲ ಬಿದ್ರ ಸಾಕು, ಎಲ್ಲಾ ಅಳ್ಳಾಡತಾವ" ಎನ್ನುವರು.

*

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಜಟ್ಟೆಪ್ಪ ಮುರಗೋಡಕ್ಕೆ ಹೋಗಿದ್ದ. ಮರುದಿನ ಎಲ್ಲರ ಪ್ರಮಾಣಪತ್ರ ಬೆಳಗಾವಿಯಲ್ಲಿ ಹಾಜರಾಗಬೇಕಿತ್ತು. ಉಳಿದದ್ದು ನಲವತ್ತೊಂದನೆಯವಳಾದ ಗುರುಬಸವ್ವನ ಹೆಬ್ಬಟ್ಟು ಮಾತ್ರ. ಆ ಊರಿನಿಂದ ಕೇಸಿನಲ್ಲಿದ್ದವಳು ಅವಳೊಬ್ಬಳೇ. ಮನೆಗೆ ಕೀಲಿ ಬಿದ್ದಿತ್ತು.

"ಅಕಿ ತೀರಿ ಹೋಗಿ ಹದಿನೈದ ದಿನಾ ಆತ್ರಿ," ಎಂದಳು ಪಕ್ಕದ ಮನೆಯವಳು. "ಗಂಡ ಮಲಕಾಜಪ್ಪ ಮಗಳನ್ನ ಕರಕೊಂಡು ಗೋವಾಕ್ಕ ಹ್ವಾದ."

ಹೇಗೆ ಸತ್ತಳು ಎಂದು ಜಟ್ಟೆಪ್ಪ ಕೇಳಲಿಲ್ಲ. ಬಸ್ಸಿನ ಗಡಿಬಿಡಿಯಲ್ಲಿದ್ದ. ವಾರಸುದಾರರನ್ನು ಹುಡುಕಿ ಅರ್ಜಿ ತಿದ್ದುವಷ್ಟರಲ್ಲಿ ತಾರೀಖು ಮುಗಿದು ಹೋಗುತ್ತದೆ, ಸಾಹೇಬರ ಮೂರು ವರ್ಷದ ದುಡಿತ ನೀರುಪಾಲು ಎಂದು ಹೆದರಿದ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಅವಳ ಪ್ರಮಾಣಪತ್ರಕ್ಕೆ ತನ್ನದೇ ಎಡಗೈ ಹೆಬ್ಬೆರಳು ಒತ್ತಿಬಿಟ್ಟ.

ಸಾಹೇಬರು ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದರು. "ಹೆಣ್ಮಗಳ ಹೆಬ್ಬಟ್ಟು ಭಾಳ ದೊಡ್ಡದೈತಲ್ಲೋ ಜಟ್ಟೆಪ್ಪ?"

"ಹೊಲದಾಗ ದುಡಿಯಾಕೀರಿ, ಸಾಹೇಬ್ರ."

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು. ಅಂದಿನಿಂದ ನಲವತ್ತೊಂದು ಎಂದು ಕೂಗಿದಾಗಲೆಲ್ಲ ಜಟ್ಟೆಪ್ಪನೇ "ಅಕಿಗೆ ಆರಾಮಿಲ್ರಿ" ಎಂದು ಉತ್ತರ ಕೊಡುತ್ತ ಬಂದ. ವರ್ಷದ ಮೇಲೆ ಮುರಗೋಡದವನೊಬ್ಬ ಬಸ್ಸಿನಲ್ಲಿ ಸಿಕ್ಕು ಸಹಜವಾಗಿ ಹೇಳಿದ: ಗುರುಬಸವ್ವ ನಸುಕಿನಲ್ಲಿ ಚಹಾಕ್ಕೆಂದು ಕಡ್ಡಿ ಗೀರಿದ್ದಳು, ಅಡಿಗೆಮನೆ ತುಂಬ ಗ್ಯಾಸ್ ಸೋರಿತ್ತು, ಮೂರು ದಿನ ನರಳಿ ಸತ್ತಳು. ಹೇಳಿದರೆ ತನಗೆ ಜೈಲು, ಸಾಹೇಬರ ವಕೀಲಿ ಸನದಿಗೆ ಸಂಚಕಾರ. ಜಟ್ಟೆಪ್ಪ ಯಾರಿಗೂ ಹೇಳಲಿಲ್ಲ.

ವಿಚಾರಣೆಯಲ್ಲಿ ಕಂಪನಿಯ ವಕೀಲ ಎದ್ದು, "ಈ ಒಲೆಯಿಂದ ಒಬ್ಬರಿಗಾದರೂ ಗಾಯವಾಗಿದೆಯೇ, ತೋರಿಸಿ" ಎಂದಾಗ ಸಾಹೇಬರ ಬಳಿ ತೋರಿಸಲು ಒಂದು ಹೆಸರೂ ಇರಲಿಲ್ಲ. ಸಿಲಿಂಡರಿಗೆ ಒಲೆ ಗಂಟು ಹಾಕಿದ್ದು ತಪ್ಪು ಎಂದ ವೇದಿಕೆ, ಒಲೆಗಳನ್ನು ವಾಪಸು ಪಡೆಯಿರಿ ಎಂದು ಹೇಳಲಿಲ್ಲ. ಅದಕ್ಕಾಗಿಯೇ ಬೆಂಗಳೂರಿನ ಅಪೀಲು. ಅಂಗಳದಲ್ಲಿದ್ದ ಹೆಂಗಸರೆಲ್ಲ ಇವತ್ತು ಮುಂಜಾನೆಯೂ ಅದೇ ಒಲೆ ಹಚ್ಚಿ ಬಂದವರು.

*

ಸಾಲು ತಾನಾಗಿಯೇ ನಿಂತಿತು. ಹತ್ತು ವರ್ಷದ ರೂಢಿ, ಯಾರೂ ಹೇಳಬೇಕಾಗಲಿಲ್ಲ. ಪಡಸಾಲೆಯ ಬಾಗಿಲಿಗೆ ಮೇಜು ಹಾಕಿ ಜಟ್ಟೆಪ್ಪ ಕುಳಿತ. ಅವನ ಬೆನ್ನ ಹಿಂದೆ ಸಾಹೇಬರು. ಮೊದಲ ಮೂವತ್ತೆಂಟು ಮಂದಿ ಒಬ್ಬೊಬ್ಬರಾಗಿ ಬಂದು ಸಹಿ ಮಾಡಿ ಸರಿದರು.

"ಮೂವತ್ತೊಂಬತ್ತು, ಶಂಕ್ರೆಪ್ಪ."

"ಹಾಜರ್ರಿ."

"ನಲವತ್ತು, ಮರೆವ್ವ."

"ಹಾಜರ್ರಿ."

"ನಲವತ್ತೆರಡು..."

"ಕಾಕಾ, ನಲವತ್ತೊಂದು ಬಿಟ್ರಿ," ಎಂದಳು ಮೀನಾ.

ಜಟ್ಟೆಪ್ಪನ ಬೆನ್ನಿಗೆ ತಣ್ಣನೆಯ ಗಾಳಿ ತಾಗಿದಂತಾಯಿತು. "ನಲವತ್ತೊಂದು, ಗುರುಬಸವ್ವ, ಮುರಗೋಡ" ಎಂದವನು, ಎಂದಿನಂತೆ ತಾನೇ ಉತ್ತರ ಕೊಡಲು ಉಸಿರೆಳೆದುಕೊಂಡ.

"ಹಾಜರ್ರೀ."

ಹೆಂಗಸಿನ ದನಿ, ಹೊಗೆ ಕುಡಿದ ಗಂಟಲಿನದು. ಎಲ್ಲರಿಗೂ ಕೇಳಿಸಿತು. ಮರೆವ್ವ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ನಲವತ್ತೆರಡನೆಯವಳಾದ ರಾಮದುರ್ಗದ ಮುದುಕಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು.

"ಮುಂದ ಸರೀರಿ ಅಜ್ಜೀ," ಎಂದಳು ಮೀನಾ.

"ಎಲ್ಲಿ ಸರೀಲೆವ್ವಾ? ಇಲ್ಲಿ ಜಾಗಾ ಇಲ್ಲಲ್ಲ," ಎಂದಳು ಮುದುಕಿ, ತೀರ ಸಹಜವಾಗಿ.

ಜಟ್ಟೆಪ್ಪ ಎರಡೂ ಕೈಯಿಂದ ಮೇಜು ಹಿಡಿದುಕೊಂಡ. ಏಳು ವರ್ಷ ಎದೆಯೊಳಗೆ ಅದುಮಿಟ್ಟದ್ದು ಬಾಯಿಗೆ ಬಂತು.

"ಅಕ್ಕಾರ, ಅಕಿ ಸತ್ತಾಳ್ರಿ. ಏಳ ವರ್ಷ ಆತು. ಆ ಒಲಿಯಿಂದನ ಸುಟ್ಟು ಸತ್ಲು. ಕಾಗದದ ಮ್ಯಾಲಿನ ಹೆಬ್ಬಟ್ಟು ನಂದ್ರಿ. ಸಾಹೇಬ್ರಿಗೆ ಗೊತ್ತಿರಲಿಲ್ಲ, ದೇವರಾಣಿ."

ಮೀನಾ ಕೈಯಲ್ಲಿದ್ದ ಪೆನ್ನು ಬಿಟ್ಟು ಅಪ್ಪನ ಕಡೆ ನೋಡಿದಳು. "ಒಬ್ರಿಗರೆ ಗಾಯ ಆಗೇತೇನಂತ ಅವರು ಕೇಳಿದ ದಿನಾ ನೀವೂ ಅಲ್ಲೇ ಕುಂತಿದ್ರಿ."

"ಹೂಂನ್ರಿ."

"ಅಪ್ಪಾಜಿ ಮನೀಗೆ ಬಂದು ಅತ್ತಿದ್ರು, ಕಾಕಾ."

ಅವಳು ಒಂದು ಖಾಲಿ ಹಾಳೆ ಜಟ್ಟೆಪ್ಪನ ಮುಂದೆ ಸರಿಸಿದಳು. "ಬರೀರಿ. ಇದ್ದದ್ದ ಇದ್ದಂಗ. ಸೋಮವಾರ ನೀವ ನಮ್ಮ ಸಾಕ್ಷಿ. ಮುಂದ ನಿಮ್ಮದು ಏನಾಗತೈತಿ ಅಂತ ನಾ ಹೇಳಾಕ ಬರಾಂಗಿಲ್ಲ."

"ಬರೀತೇನ್ರಿ," ಎಂದ ಜಟ್ಟೆಪ್ಪ. ಅಳು ಬಂತು, ಜೊತೆಗೇ ಮನಸ್ಸು ಹಗುರವೂ ಆಯಿತು.

ಮರೆವ್ವ ಬಗ್ಗಿ ಸಹಿ ಮಾಡಿ ಪಕ್ಕಕ್ಕೆ ಸರಿದಳು. ಸಾಲು ಒಂದು ಹೆಜ್ಜೆ ಮುಂದೆ ಬಂತು. ಮುದುಕಿ ಎರಡು ಹೆಜ್ಜೆ ಹಿಂದೆಯೇ ಉಳಿದಳು. ಒಬ್ಬರು ನಿಲ್ಲುವಷ್ಟು ಖಾಲಿ ಜಾಗ ಸಾಲಿನ ಜೊತೆ ನಡೆದು ಬಂದು ಮೇಜಿನ ಎದುರು ನಿಂತಿತು.

ಜಟ್ಟೆಪ್ಪ ಎದ್ದ. ತಾನು ಕುಳಿತಿದ್ದ ಬೆತ್ತದ ಕುರ್ಚಿಯನ್ನು ಎತ್ತಿ ಮೇಜು ಬಳಸಿ ಹೋಗಿ ಆ ಜಾಗದಲ್ಲಿ ಇಟ್ಟ. "ಕುಂಡ್ರವ್ವಾ," ಎಂದ.

ಕುರ್ಚಿಯ ಬೆತ್ತ ಕಿರ್ರೆಂದು ಮೆಲ್ಲಗೆ ಕೆಳಗೆ ಬಾಗಿತು.