ಹನ್ನೊಂದು ದಿನದ ಎಂಜಿನ್

ಬ್ರೇಕು ಕೂಗಿತು, ಎಡಗಡೆ ಹಿಂದಿನ ಚಕ್ರದ್ದು, ಲೈನಿಂಗ್ ಸವೆದದ್ದಲ್ಲ, ಧೂಳು ಕೂತದ್ದು, ಒಮ್ಮೆ ಬಿಚ್ಚಿ ಒರೆಸಿದರೆ ಸಾಕು — ನೋಡು, ನನ್ನ ಬಲಗಾಲು ಮತ್ತೆ ತಾನಾಗಿಯೇ ನೆಲ ಒತ್ತುತ್ತಿದೆ, ಟಿಕೆಟ್ ಹಿಡಿದು ಕಿಟಕಿ ಪಕ್ಕ ಕೂತ ಪ್ರಯಾಣಿಕಳು ನಾನು, ಈ ಬಸ್ಸು ನಿಲ್ಲಿಸುವುದು ನನ್ನ ಕೆಲಸವಲ್ಲ, ಅದಕ್ಕೆ ಮುಂದೆ ಒಬ್ಬರು ಕೂತಿದ್ದಾರೆ, ಆದರೂ ಹನ್ನೊಂದು ದಿನದಿಂದ ಯಾವ ಗಾಡಿ ಎಲ್ಲಿ ನಿಂತರೂ ಈ ಕಾಲು ಒತ್ತುತ್ತದೆ, ಮನೆಯೊಳಗೆ ಮಲಗಿದ್ದಾಗ ರಸ್ತೆಯಲ್ಲಿ ಲಾರಿ ನಿಂತರೂ. ಇವತ್ತೂ ಒತ್ತಿತು, ಆದರೆ ಜೀವ ಬಾಯಿಗೆ ಬರಲಿಲ್ಲ, ಒತ್ತಿ ಸುಮ್ಮನಾಯಿತು, ಅಭ್ಯಾಸಬಲ, ಅಷ್ಟೆ. ಮಡಿಲಲ್ಲಿ ಟವೆಲಿನ ಗಂಟು, ಪಕ್ಕದ ಹೆಂಗಸು ಎರಡು ಸಲ ಬಗ್ಗಿ ನೋಡಿದರು, ಏನಮ್ಮ, ಮಗುನಾ ಅಂದರು, ಅಲ್ಲ ಎಂಜಿನ್ನು ಅಂದೆ, ಅವರು ಸೆರಗು ಎಳೆದುಕೊಂಡು ಒಂದು ಗೇಣು ಆಚೆ ಸರಿದರು, ನನಗೆ ನಗು ಬಂತು, ನಕ್ಕೆ, ಜೋರಾಗಿಯೇ, ಅವರು ಇನ್ನೊಂದು ಗೇಣು ಸರಿದರು. ಹಸಿವಾಗುತ್ತಿದೆ, ಹನ್ನೊಂದು ದಿನದ ಹಸಿವು ಒಟ್ಟಿಗೆ ಬಂದು ಕೂತಿದೆ, ಮನೆಗೆ ಹೋಗಿ ಪಾತ್ರೆ ತಳ ಕಾಣುವವರೆಗೆ ತಿನ್ನಬೇಕು, ಅಮ್ಮ ಹೊಲಿಗೆ ಬಿಟ್ಟು ಬಂದು ನೋಡಬೇಕು, ಹೊಟ್ಟೆನೋ ಗೋಡೌನೋ ಅನ್ನಬೇಕು.

ಬ್ರೇಕಿನ ಪೆಡಲಿಗೂ ಅದರ ಕೆಳಗಿನ ಸಲಾಕೆಗೂ ಕೊಂಡಿ ಹಾಕುವ ಒಂದು ಮೊಳೆ ಇರುತ್ತದೆ, ಕಿರುಬೆರಳಿನ ತುದಿಯಷ್ಟು, ಆ ಮೊಳೆ ಜಾರದಂತೆ ತಡೆಯುವುದು ಒಂದು ಪಿನ್ನು, ಕೂದಲಿಗೆ ಸಿಕ್ಕಿಸುವಂಥದ್ದು, ತೂರಿಸಿ ಎರಡು ಕಾಲನ್ನೂ ಇಕ್ಕಳದಿಂದ ಬಗ್ಗಿಸಿದರೆ ಮುಗಿಯಿತು, ಬಗ್ಗಿಸದಿದ್ದರೆ ಕುಲುಕಾಟಕ್ಕೆ ಉದುರುತ್ತದೆ, ಪಿನ್ನು ಉದುರಿದರೆ ಮೊಳೆ, ಮೊಳೆ ಉದುರಿದರೆ ಪೆಡಲು ಸತ್ತಂತೆ, ನಲವತ್ತು ಜನರ ಜೀವ ನಿಂತಿರುವುದು ಆ ತಂತಿಯ ಎರಡು ಕಾಲಿನ ಮೇಲೆ. ಆ ಬೆಳಿಗ್ಗೆ ಏಳನೇ ನಂಬರಿನ ಬಸ್ಸಿಗೆ ಹೊಸ ಮೊಳೆ ಹಾಕಿದವಳು ನಾನು, ಸಹಿ ಮಾಡಿದವಳು ನಾನು, ಬಸ್ಸಿನಡಿ ಅಂಗಾತ ಮಲಗಿದ್ದೆ, ಆ ಕಡೆ ನಿಧಾನಣ್ಣನ ಎರಡು ಚಪ್ಪಲಿ ಮಾತ್ರ ಕಾಣುತ್ತಿದ್ದವು, ಇಪ್ಪತ್ತಾರು ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿ ಒಮ್ಮೆಯೂ ಯಾರನ್ನೂ ಹಿಂದೆ ಹಾಕದ ಮನುಷ್ಯ, ಅದಕ್ಕೇ ಡಿಪೋ ಇಟ್ಟ ಹೆಸರು ಅದು, ನನಗಿಟ್ಟದ್ದು ಡಾಕ್ಟ್ರಮ್ಮ, ಸ್ಕ್ರೂಡ್ರೈವರನ್ನು ಎಂಜಿನ್ನಿಗೂ ಕಿವಿಗೂ ಆನಿಸಿ ಸದ್ದು ಕೇಳುತ್ತೇನೆ ಅಂತ. ಏನ್ ಡಾಕ್ಟ್ರಮ್ಮ, ರೋಗಿ ಬದುಕ್ತಾನಾ ಅಂದರು, ನಿಮ್ಮ ಕೈಗೆ ಕೊಟ್ಟರೆ ನೂರು ವರ್ಷ ಅಣ್ಣ, ಓಡಿದರೆ ತಾನೆ ಸವೆಯೋದು ಅಂದೆ, ಚಪ್ಪಲಿಗಳು ನಕ್ಕವು, ಪಿನ್ನು ತೂರಿಸಿದೆ, ಇಕ್ಕಳಕ್ಕೆ ಕೈ ಚಾಚಿದೆ — ಅಲ್ಲಿಗೆ ನಿಲ್ಲುತ್ತದೆ. ಅದರ ಮುಂದಿನದು ಇಲ್ಲ. ಮುಂದಿನದು ನಾನು ಎದ್ದು ಬೆನ್ನು ಕೊಡವಿಕೊಂಡದ್ದು, ಸಹಿ ಹಾಕಿದ್ದು. ಹತ್ತೂವರೆಗೆ ಇಳಿಜಾರಿನಲ್ಲಿ ಪೆಡಲು ಸತ್ತಿತು, ಕೆಳಗೆ ಸಂತೆ, ಜನ, ಕೈಗಾಡಿಗಳು, ನಿಧಾನಣ್ಣ ಬಸ್ಸನ್ನು ಉದ್ದನೆಯ ಕಲ್ಲಿನ ಗೋಡೆಗೆ ಉಜ್ಜಿಸಿ ಉಜ್ಜಿಸಿ, ಕೊನೆಗೆ ತಮ್ಮ ಬದಿಯನ್ನೇ ಗುದ್ದಿಸಿ ನಿಲ್ಲಿಸಿದರು, ಹದಿನಾಲ್ಕು ಜನಕ್ಕೆ ಪೆಟ್ಟು, ಒಬ್ಬ ಟೀಚರಮ್ಮನ ಮುಂದಿನ ಎರಡು ಹಲ್ಲು, ನಿಧಾನಣ್ಣನ ಬಲಗೈ ಎರಡು ಕಡೆ ಮುರಿತ. ಯಾರೂ ಸಾಯಲಿಲ್ಲ, ಯಾರೂ ಸಾಯಲಿಲ್ಲ, ಇದನ್ನು ನಾನು ಎಷ್ಟು ಸಲ ಹೇಳಿಕೊಂಡಿರಬಹುದು.

ಮನೆಗೆ ಹೋಗಿರು, ಕರೀತೀವಿ ಅಂದರು ಡಿಪೋದ ಮೇಸ್ತ್ರಿ, ಮುಖ ನೋಡದೆ, ಬಸ್ಸಿನ ಮುಂಭಾಗ ಪೂರ್ತಿ ಮುದ್ದೆಯಾಗಿತ್ತು, ತನಿಖೆಯವರು ಬಂದು ಕತ್ತರಿಸಿ ಬಿಡಿಸಿ ನೋಡುವವರೆಗೆ ಯಾರೂ ಏನೂ ಹೇಳುವಂತಿರಲಿಲ್ಲ, ಹೇಳುವಂತಿಲ್ಲದಿದ್ದರೂ ಎಲ್ಲರೂ ಹೇಳಿದರು, ಹುಡುಗಿ ಪಿನ್ ಮರೆತಿದಾಳೆ ಅಂತ. ಎರಡು ದಿನ ಕಿಟಕಿ ಹತ್ತಿರ ಕೂತು ಕೈಗಳನ್ನು ಮಗುಚಿ ಮಗುಚಿ ನೋಡಿದೆ, ಬಗ್ಗಿಸಿದಿರಾ, ಹೇಳಿ, ಬಗ್ಗಿಸಿದಿರಾ ಇಲ್ಲವಾ, ಅಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿ, ಕೈ ನೋಡ್ಕೊಂಡು ಕೂತ್ರೆ ಕೈ ಮಾತಾಡುತ್ತೇನೇ, ಏನಾದ್ರೂ ಕೆಲಸ ಕೊಡು ಅದಕ್ಕೆ ಅಂದಳು. ಬೀರುವಿನ ಬಾಗಿಲ ಒಳಗೆ ಒಂದು ಚಿತ್ರ ಅಂಟಿಸಿದ್ದೆ, ತರಬೇತಿ ಶಾಲೆಯಲ್ಲಿದ್ದಾಗ ಹಳೆಯ ಪತ್ರಿಕೆಯಿಂದ ಕಿತ್ತದ್ದು, ಅಂಗೈ ಮೇಲೆ ನಿಲ್ಲುವ ಎಂಜಿನ್, ಒಂದೇ ಸಿಲಿಂಡರು, ಆ ಸಿಲಿಂಡರೇ ತೊಟ್ಟಿಲಿನ ಹಾಗೆ ತೂಗುತ್ತದೆ, ಈ ಕಡೆ ವಾಲಿದಾಗ ಅದರ ತೂತು ಗಾಳಿ ಬರುವ ತೂತಿಗೆ ಎದುರಾಗುತ್ತದೆ, ಆ ಕಡೆ ವಾಲಿದಾಗ ಗಾಳಿ ಹೋಗುವ ತೂತಿಗೆ, ವಾಲ್ವಿಲ್ಲ, ಏನಿಲ್ಲ, ತೂಗುವುದೇ ಉಸಿರಾಟ, ಮುಂದೊಂದು ದಿನ ಮಾಡುತ್ತೇನೆ ಅಂದುಕೊಂಡು ನಾಲ್ಕು ವರ್ಷ, ಬಾಗಿಲು ತೆಗೆದಾಗೆಲ್ಲ ಅಣಕಿಸುತ್ತಿತ್ತು. ಮೂರನೇ ದಿನ ಶುರು ಮಾಡಿದೆ. ಮುರಿದ ಪರದೆ ಸಲಾಕೆಯ ಹಿತ್ತಾಳೆ ಕೊಳವೆ ಸಿಲಿಂಡರಾಯಿತು, ಹಳೆಯ ಬೇರಿಂಗಿನ ಹೊರಬಳೆಗೆ ಮರದ ಬಿಲ್ಲೆ ಜಡಿದರೆ ಚಕ್ರ, ಲೇಥು ಇಲ್ಲ, ಡ್ರಿಲ್ಲನ್ನೇ ಅಮ್ಮನ ಮೇಜಿಗೆ ಕಟ್ಟಿ ಅದರ ಬಾಯಿಗೆ ಹಿತ್ತಾಳೆ ತುಂಡು ಸಿಕ್ಕಿಸಿ ತಿರುಗುವಾಗ ಅರ ಹಿಡಿದೆ, ಮೊದಲನೆಯ ಪಿಸ್ಟನ್ನು ಅಪ್ಪನ ಬೂಟಿನೊಳಗಿನ ಮಗುವಿನ ಕಾಲಿನ ಹಾಗೆ ಲೊಡಲೊಡ, ಎರಡನೆಯದು ಒಳಗೇ ಹೋಗಲಿಲ್ಲ, ಮೂರನೆಯದು — ಕೊಳವೆಯ ತಳಕ್ಕೆ ಬೆರಳಿಟ್ಟು ಮೇಲಿಂದ ಬಿಟ್ಟರೆ ಬೀಳದೆ ಮೆಲ್ಲಗೆ ಇಳಿಯಿತು, ಬೆರಳು ತೆಗೆದರೆ ಪಟ್ಟನೆ ಬಿತ್ತು, ನಾನು ಅದನ್ನು ಇಪ್ಪತ್ತು ಸಲ ಮಾಡಿದೆ, ಅಮ್ಮ ಸೂಜಿಗೆ ನೂಲು ಪೋಣಿಸುತ್ತ, ಕೆಲಸನೋ ಆಟನೋ ಅಂದಳು. ಆ ಇಪ್ಪತ್ತು ಸಲವೂ ಏಳನೇ ನಂಬರಿನ ಬಸ್ಸು ತಲೆಯಲ್ಲಿರಲಿಲ್ಲ, ಇರಲಿಲ್ಲ ಅನ್ನುವುದು ಗೊತ್ತಾದ ಕೂಡಲೇ ಬಂತು, ಬಸ್ಸು, ಗೋಡೆ, ಹಲ್ಲು.

ಎಂಟನೇ ದಿನ ಎಲ್ಲ ಜೋಡಿಸಿ ಸೈಕಲ್ ಪಂಪಿನಿಂದ ಗಾಳಿ ಕೊಟ್ಟೆ, ಚಕ್ರ ಒಂದು ಸುತ್ತು ಹಾಕಿ ನಿಂತಿತು, ಮತ್ತೆ ತಳ್ಳಿದೆ, ನಿಂತಿತು, ಸಿಲಿಂಡರನ್ನು ಅದರ ಬೆನ್ನಿಗಿರುವ ತೂತಿನ ಹಲಗೆಗೆ ಒತ್ತಿ ಹಿಡಿಯುವ ಒಂದು ಸ್ಪ್ರಿಂಗು ಇದೆ, ಅದರ ನಟ್ಟನ್ನು ಬಿಗಿ ಮಾಡಿದೆ, ಗಾಳಿ ಸೋರುತ್ತಿರಬೇಕು, ಇನ್ನೂ ಬಿಗಿ ಮಾಡಿದೆ, ಸಂಜೆಯವರೆಗೆ ಅದೇ, ಏನು ಕೆಟ್ಟರೂ ನನ್ನ ಕೈ ಬಿಗಿ ಮಾಡುವುದಕ್ಕೇ ಹೋಗುತ್ತಿತ್ತು, ಮನೆಯ ನಲ್ಲಿಗಳನ್ನೂ ಎಷ್ಟು ಬಿಗಿ ತಿರುಗಿಸಿದ್ದೆನೆಂದರೆ ಅಮ್ಮ ಮುಖ ತೊಳೆಯಲು ನನ್ನನ್ನು ಕೂಗಬೇಕಾಗಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಚಕ್ರ ಕಳಚಲು ಹೋದೆ, ಬರಲಿಲ್ಲ, ಯಾಕೆ ಬರುತ್ತಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿದರೆ ಅಚ್ಚಿನ ತುದಿಯಲ್ಲಿ ಒಂದು ಪಿನ್ನು, ತಂತಿಯದು, ನಾನೇ ಮಾಡಿ ಹಾಕಿದ್ದು, ಎರಡು ಕಾಲೂ ಬಗ್ಗಿವೆ, ಉದ್ದನೆಯದು ಅಚ್ಚನ್ನು ತಬ್ಬಿದೆ, ಗಿಡ್ಡದ್ದು ಕೆಳಗೆ ಮಡಚಿದೆ, ಯಾವಾಗ ಬಗ್ಗಿಸಿದೆ, ದೇವರಾಣೆ ನೆನಪಿಲ್ಲ, ತೂರಿಸಿದ್ದು ನೆನಪಿದೆ, ಇಕ್ಕಳಕ್ಕೆ ಕೈ ಚಾಚಿದ್ದು ನೆನಪಿದೆ. ಆಮೇಲಿನದು ಇಲ್ಲ. ಅಂದರೆ ಈ ಕೈಗಳು ನನ್ನನ್ನು ಕೇಳದೆ — ಅಮ್ಮಾ ಅಂತ ಕಿರುಚಿದೆ, ಅವಳು ಬೆರಳಿಗೆ ಸೂಜಿ ಚುಚ್ಚಿಕೊಂಡು ಓಡಿ ಬಂದಳು, ತೋರಿಸಿದೆ, ಹೇಳಿದೆ, ಅವಳು ಬೆರಳು ಚೀಪುತ್ತ, ಗುಂಡಿ ಹೊಲಿದು ಗಂಟು ಹಾಕಿದ್ದು ಯಾರಿಗೆ ನೆನಪಿರುತ್ತೆ ಮಗಳೇ, ಗಂಟು ಮಾತ್ರ ಇದ್ದೇ ಇರುತ್ತೆ ಅಂದಳು. ಸಾಕ್ಷಿಯಲ್ಲ ಅದು, ಯಾವ ತನಿಖೆಯವರೂ ಒಪ್ಪುವುದಿಲ್ಲ, ಆದರೆ ಅವತ್ತು ಮಧ್ಯಾಹ್ನ ಅರ್ಧ ತಟ್ಟೆ ಉಂಡೆ. ಸಂಜೆ ಅಮ್ಮ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು, ನಿನ್ನ ಮಿಷನ್ನು ನಂಗೆ ಗೊತ್ತಿಲ್ಲಪ್ಪ, ನನ್ನ ಮಿಷನ್ನಲ್ಲಿ ನೂಲು ಬಿಗಿಯಾದ್ರೆ ಬಟ್ಟೆ ಸುಕ್ಕಾಗುತ್ತೆ, ಇದೂ ಉಸಿರು ಕಟ್ಟಿಕೊಂಡ ಹಾಗೆ ಕಾಣ್ತಿದೆ ಅಂದಳು, ನಾನು ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿದೆ, ಮಾಡುವಾಗ ಬೆನ್ನು ಬೆವರಿತು, ಎಂಥ ಹುಚ್ಚು, ಯಾರೂ ಕೂತಿಲ್ಲ ಈ ಗಾಡಿಯಲ್ಲಿ, ಇನ್ನೂ ಅರ್ಧ ಸುತ್ತು. ಹತ್ತನೇ ದಿನ ಬೆಳಿಗ್ಗೆ ಅಮ್ಮ ಪಂಪು ಒತ್ತಿದಳು, ನಾನು ಚಕ್ರ ತಳ್ಳಿದೆ, ಟುಪು, ಟುಪು, ಟುಪುಟುಪುಟುಪು, ಬೇರಿಂಗಿನ ಬಳೆ ಹೊಳೆಯುವ ಒಂದು ಗೆರೆಯಾಗಿಬಿಟ್ಟಿತು, ಅಮ್ಮ ಪಂಪು ಬಿಡದೆ ನಗುತ್ತ, ನನ್ನ ತೋಳು ಬಿದ್ದೋಗುತ್ತೆ, ನಿಲ್ಲಿಸೇ ಅದನ್ನ, ನಿಲ್ಲಿಸೋದು ಹೇಗೆ ಅಮ್ಮ, ನೀನು ನಿಲ್ಲಿಸಿದರೆ ಅದು ನಿಲ್ಲುತ್ತೆ, ಓ ಹೌದಲ್ವಾ ಅಂದಳು, ಆದರೂ ಇನ್ನಷ್ಟು ಹೊತ್ತು ಒತ್ತಿದಳು.

ಇವತ್ತು ಹತ್ತು ಗಂಟೆಗೆ ಮೇಸ್ತ್ರಿಯ ಫೋನು, ಬಾ ಅಂತ ಒಂದೇ ಮಾತು, ಡಿಪೋಗೆ ನಡೆದೇ ಹೋದೆ, ಬಸ್ಸು ಹತ್ತಲು ಕಾಲು ಬರಲಿಲ್ಲ, ಮೇಸ್ತ್ರಿ ಸ್ಟೋರಿನ ಹಿಂದೆ ಟಯರುಗಳ ಪಕ್ಕ ನಿಂತಿದ್ದರು, ಪಿನ್ನಿದೆ ಅಂದರು, ನನಗೆ ತಕ್ಷಣ ಅರ್ಥವಾಗಲಿಲ್ಲ, ಪಿನ್ನು, ನಿನ್ನ ಪಿನ್ನು, ಕತ್ತರಿಸಿ ತೆಗೆದರು, ಮೊಳೆಯಲ್ಲೇ ಇದೆ, ಒಂದು ಕಾಲು ಉದ್ದ ಒಂದು ಗಿಡ್ಡ, ನೀನು ಹಾಕೋ ರೀತಿನೇ. ಹೋದ ಜೀವ ಬರುವುದು ಅಂತಾರಲ್ಲ, ಅದು ಕಾಲಿನಿಂದ ಬರುತ್ತದೆ, ಟಯರಿನ ಮೇಲೆ ಕೂತುಬಿಟ್ಟೆ, ಮತ್ತೇನಂತೆ ಮೇಸ್ತ್ರಿ, ಮತ್ತೆ ಪೆಡಲು ಯಾಕೆ, ಅವರು ಟೋಪಿ ತೆಗೆದು ಒಳಗೆ ನೋಡಿದರು, ಬ್ರೇಕಿನ ಎಣ್ಣೆ ಪೈಪು, ಕ್ಲಿಪ್ಪಿನಡಿ ತುಕ್ಕು ತಿಂದು ಒಡೆದಿದೆ, ಕ್ಲಿಪ್ ಬಿಚ್ಚದೆ ಯಾರ ಕಣ್ಣಿಗೂ ಕಾಣೋದಲ್ಲ. ಟೋಪಿ ಮತ್ತೆ ತಲೆಗೇರಿಸಿದರು. ಆ ಪೈಪು ಬದಲಾಯಿಸೋದು ನನ್ನ ಪಟ್ಟೀಲಿತ್ತು, ಮುಂದಿನ ತಿಂಗಳಿಗೆ ಹಾಕಿದ್ದೆ, ಬರೆದು ಕೊಟ್ಟಿದೀನಿ ಹಾಗಂತ, ನೀನು ನಾಳೆಯಿಂದ ಬಾ. ನನ್ನ ಎದೆಯ ಮೇಲಿನ ಕಲ್ಲು ಇಳಿದು ಆಚೆ ಹೋಗಲಿಲ್ಲ, ಪಕ್ಕದಲ್ಲೇ ನಿಂತ ಇವರ ಎದೆ ಮೇಲೆ ಹೋಗಿ ಕೂತಿತು, ಖುಷಿಪಟ್ಟದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಖುಷಿ ನಿಲ್ಲಲಿಲ್ಲ, ಅಷ್ಟು ನಿಜ ಹೇಳಿಕೊಳ್ಳಬೇಕು. ಅವತ್ತು ನನ್ನ ಮುಖ ನೋಡದೆ ಮನೆಗೆ ಕಳಿಸಿದ್ದು ಅದಕ್ಕಾ ಮೇಸ್ತ್ರಿ ಅಂತ ಕೇಳಲಿಲ್ಲ. ಟೀ ಕುಡಿದ್ರಾ ಅಂದೆ, ಇಲ್ಲ ಅಂದರು, ಹೋಗಿ ಎರಡು ಲೋಟ ತಂದೆ, ಟಯರಿನ ಮೇಲೆ ಇಬ್ಬರೂ ಕೂತು ಕುಡಿದೆವು, ಲೋಟ ಕೊಡುವಾಗ ಮಾತ್ರ ನನ್ನ ಮುಖ ನೋಡಿದರು.

ಆಮೇಲೆ ಮನೆಗೆ ಓಡಿ, ಅಮ್ಮನಿಗೆ ಬಾಗಿಲಲ್ಲೇ ಕೂಗಿ ಹೇಳಿ, ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ, ಹನ್ನೊಂದು ದಿನ ಹೋಗಲಾರದ ಜಾಗ, ನಿಧಾನಣ್ಣ ಕಿಟಕಿಯ ಬೆಳಕಿಗೆ ದಿಂಬು ಒರಗಿಸಿ ಕೂತಿದ್ದರು, ಬಲಗೈ ಬೆರಳ ಬುಡದವರೆಗೆ ಪ್ಲಾಸ್ಟರು, ಅಣ್ಣಾ ಪಿನ್ ಇತ್ತಂತೆ ಅಂದೆ, ನಮಸ್ಕಾರವೂ ಇಲ್ಲ, ಹೇಗಿದೀರಿ ಅಂತಲೂ ಇಲ್ಲ. ಗೊತ್ತು ಅಂದರು. ಯಾರು ಹೇಳಿದರು. ಯಾರು ಹೇಳಬೇಕು, ನನ್ನ ಕಾಲು ಹೇಳ್ತು, ಮೊದಲ ಸಲ ತುಳಿದಾಗ ಪೆಡಲು ಅರ್ಧ ಹಿಡೀತು, ಎರಡನೇ ಸಲ ಮೆತ್ತಗೆ ನೆಲ ಮುಟ್ತು, ಎಣ್ಣೆ ಹೋದ ಲಕ್ಷಣ ಅದು, ಪಿನ್ ಬಿದ್ದಿದ್ರೆ ಮೊದಲ ಸಲಕ್ಕೇ ಲಟಕ್ ಅಂತಿರಲಿಲ್ವಾ, ತನಿಖೆಯವರಿಗೂ ಬರೆಸಿದೀನಿ, ನಿಂಗೂ ಮೊದಲ ದಿನವೇ ಹೇಳ್ತಿದ್ದೆ, ನೀನು ಬಂದಿದ್ರೆ ತಾನೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡು ಮನೇಲಿ ಕೂತೆ. ನಾನು ಅಳಲಿಲ್ಲ, ಅಳು ಅಂತ ಹೊರಟದ್ದು ಮೂಗಿನಲ್ಲಿ ಎಂಥದೋ ಸದ್ದಾಗಿ ಬಂತು, ಅವರೂ ನಕ್ಕು ಪಕ್ಕೆ ಹಿಡಿದುಕೊಂಡರು, ನಗಿಸಬೇಡವೇ ಮಾರಾಯ್ತಿ, ಮೂಳೆ ನೋಯುತ್ತೆ, ಏನದು ಟವೆಲಲ್ಲಿ. ಊಟದ ತಟ್ಟೆ ಸರಿಸಿ ಮೇಜಿನ ಮೇಲೆ ಇಟ್ಟೆ, ಅದಕ್ಕೆ ಗಾಳಿ ಕೊಡುವ ರಬ್ಬರ್ ಕೊಳವೆ ಬಾಯಲ್ಲಿಟ್ಟುಕೊಂಡೆ, ತಾನಾಗಿ ಶುರುವಾಗಲ್ಲ ಅಣ್ಣ, ಯಾರಾದರೂ ಒಮ್ಮೆ ತಳ್ಳಬೇಕು ಅಂತ ಕೊಳವೆಯ ಸಂದಿಯಿಂದಲೇ ಹೇಳಿ ಕೆನ್ನೆ ಉಬ್ಬಿಸಿ ಊದಿದೆ, ಅವರು ಕೈ ಚಾಚಿದರು, ಬಲಗೈ, ಪ್ಲಾಸ್ಟರಿನದು, ಮರೆತು, ಗಾಡಿ ಕಂಡರೆ ಮುಂದೆ ಬರುವ ಕೈ ಅದು, ಆಚೆ ಹಾಸಿಗೆ ಸರಿಮಾಡುತ್ತಿದ್ದ ನರ್ಸು ತಿರುಗಿ, ಅಯ್ಯೋ ಆ ಕೈ ಅಲ್ಲ ಅಂದವರು ಹಾಗೇ ನಿಂತುಬಿಟ್ಟರು, ಆಮೇಲೆ ಹೇಳಿದರು, ನರಕ್ಕೆ ಪೆಟ್ಟಾಗಿದೆ, ದಿನವೂ ಅಲ್ಲಾಡಿಸಿ ಅಲ್ಲಾಡಿಸಿ ಅಂತ ಡಾಕ್ಟರು ಗೋಗರೆದರೂ ಆ ಬೆರಳು ಹನ್ನೊಂದು ದಿನದಿಂದ ಮರದ ಹಾಗೆ ಬಿದ್ದಿತ್ತು ಅಂತ — ಪ್ಲಾಸ್ಟರಿನ ಬಾಯಿಂದ ಹೊರಗೆ ಚಾಚಿದ ತೋರುಬೆರಳು, ಊದಿಕೊಂಡದ್ದು, ಉಗುರಿನಡಿ ಇನ್ನೂ ಗ್ರೀಸಿನ ಕಪ್ಪು, ಚಕ್ರದ ಬಳೆಯ ಅಂಚಿಗೆ ತಾಗಿತು, ನಡುಗಿತು, ಮಡಚಿತು, ತಳ್ಳಿತು. ಟುಪು. ಯಾರೋ ಭುಜ ಮುಟ್ಟುತ್ತಿದ್ದಾರೆ, ಕಂಡಕ್ಟರು, ಇಳೀರಮ್ಮ, ಕೊನೇ ಸ್ಟಾಪು, ಬಸ್ಸು ಯಾವಾಗ ನಿಂತಿತು, ಬ್ರೇಕು ಕೂಗಿತಾ, ಕೇಳಿಸಲಿಲ್ಲ, ಕಾಲು ಒತ್ತಿತಾ, ಗೊತ್ತಿಲ್ಲ, ಪಕ್ಕದ ಹೆಂಗಸು ಇಳಿದಾಗಿದೆ, ಇಳೀತೀನಿ, ಒಂದು ನಿಮಿಷ, ಇಳೀತೀನಿ, ಆ ಬೆರಳು ನಡುಗಿತು, ಮಡಚಿತು —