ಹತ್ತು ಗಂಟೆಯೊಳಗೆ ಮನೆ

ಗ್ಲೌಸಿನೊಳಗೆ ಬೆವರು ಬೆರಳ ತುದಿಗಿಳಿದು ಪಿಚಪಿಚ ಎನ್ನುತ್ತಿದೆ, ಒಂಬತ್ತೂವರೆಗೇ ಇಷ್ಟು ಬಿಸಿಲು, ಎದೆಗವಚಿಕೊಂಡ ಮಸಾಲೆ ಅರೆಯುವ ಗುಂಡುಕಲ್ಲು ಜಾರುತ್ತದೆ, ರಮಾ ಮತ್ತೆ ಎತ್ತಿಕೊಳ್ಳುತ್ತಾಳೆ, ಅರಸೀಕೆರೆಯಿಂದ ಬೇಲೂರಿನವರೆಗೂ ಲಗೇಜ್ ಆಟೋದಲ್ಲಿ ಇದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಬಂದದ್ದು, ಅತ್ತೆ ಹನುಮಮ್ಮನ ಕಟ್ಟಪ್ಪಣೆ, ಹೊಸಮನೆ ಒಳಕ್ಕೋಗಗಂಟ ಗುಂಡ ಕೆಳಗಿಕ್ಬ್ಯಾಡ ಕಣವ್ವ, ಇಕ್ಕುದ್ರೆ ಮನೆ ನಿಲ್ಲಾಕಿಲ್ಲ — ರಮಾ ಹೈಸ್ಕೂಲಿನ ವಿಜ್ಞಾನದ ಮೇಡಂ, ಪಾತ್ರೆಪಗಡವನ್ನೆಲ್ಲ ಬ್ಲೀಚಿಂಗ್ ನೀರಿಗೆ ಅದ್ದಿ ತೆಗೆದವಳು, ತನಗೆ, ಗಂಡನಿಗೆ, ಅತ್ತೆಗೆ, ಮೂವರಿಗೂ ಎರಡೆರಡು ಮಾಸ್ಕು, ಮೂವರ ನೆಗೆಟಿವ್ ರಿಪೋರ್ಟೂ ಪ್ಲಾಸ್ಟಿಕ್ ಕವರಿನಲ್ಲಿ, ಆದರೂ ಒಂದು ಕಲ್ಲನ್ನು ನೆಲಕ್ಕಿಡಲು ಧೈರ್ಯ ಸಾಲದು, ಲಾಕ್‌ಡೌನು, ಹತ್ತಾದ್ಮೇಲೆ ರೋಡಲ್ಲಿದ್ರೆ ಪೊಲೀಸ್ರು ಲಾಠೀಲೇ ಮಾತಾಡ್ಸೋದು ಮೇಡಂ, ಎಂದು ಆಟೋದವನು ಸಾಮಾನನ್ನೆಲ್ಲ ಗೇಟಿನ ಮುಂದೆ ಸುರಿದು ಹೋದ, ಹಿಂದಿರುಗಲು ಅರಸೀಕೆರೆಯಲ್ಲಿ ಏನಿದೆ, ವಠಾರದ ಆರು ಮನೆಗೆ ಒಂದೇ ಪಾಯಿಖಾನೆ, ಆರರಲ್ಲಿ ನಾಲ್ಕಕ್ಕೆ ಕೊರೋನಾ, ಹಳೆಯ ಟಿಬಿ ತಿಂದುಬಿಟ್ಟ ಒಂದೂವರೆ ಶ್ವಾಸಕೋಶದ ಹನುಮಮ್ಮ ಅಲ್ಲಿ ಇನ್ನೊಂದು ವಾರ ಇದ್ದರೆ ಸಾಯುತ್ತಾಳೆ.

ಈ ಮನೆ ಸಿಕ್ಕಿದ್ದೇ ರೋಗದ ದಯೆ, ಮನೆಯೊಡೆಯ ಕರಿಬಸವಯ್ಯ ಫೋನಿನಲ್ಲಿ ಗಂಡ ಭೀಮರಾಜನನ್ನು ಕೇಳಿದ್ದು ಎರಡೇ ಪ್ರಶ್ನೆ, ಸರ್ಕಾರಿ ಕೆಲಸವೇ, ಟೆಸ್ಟ್ ಆಗಿದೆಯೇ, ಮೂರನೆಯದನ್ನು ಸಾವಿನ ಹೆದರಿಕೆಯಲ್ಲಿ ಮರೆತೇಬಿಟ್ಟಿದ್ದ ಪುಣ್ಯಾತ್ಮ, ಹನ್ನೊಂದು ಮನೆ ನೋಡಿದ್ದರಲ್ಲಿ ಜಾತಿ ಕೇಳುವುದನ್ನು ಮರೆತವನು ಇವನೊಬ್ಬನೇ, ಈಗ ಗೇಟಿನಿಂದ ಒಳಕ್ಕೆ ಸಾಗಿಸುವಾಗ ಮೂರನೆಯ ರಟ್ಟಿನ ಡಬ್ಬದ ತಳ ಕಿತ್ತು ಬುದ್ಧನೂ ನೀಲಿ ಕೋಟಿನ ಫೋಟೋವೂ ಅಂಗಳಕ್ಕೆ ಬಿದ್ದವು, ಒಡೆಯನ ಹೆಂಡತಿ ಸುವರ್ಣಮ್ಮನ ಕಣ್ಣು ಅಲ್ಲೇ ನೆಟ್ಟಿತು, ರೀ, ಬನ್ನಿ ಇಲ್ಲಿ, ನೋಡಿ ಎಂಥೋರ್ನ ಕರ್ದಿದೀರಾ — ಕರಿಬಸವಯ್ಯ ರಿಪೋರ್ಟುಗಳನ್ನು ದೂರದಿಂದಲೇ ಓದಿದ, ನೆಗೆಟಿವ್ವೇ ಸರಿ ಕಣ್ರೀ, ಆದ್ರೂ ಈಗ ಕಾಲ ಸರಿಯಿಲ್ಲ ನೋಡಿ, ಮಗ ಇಂದ್ರೇಶ ಪೊರಕೆ ಅಡ್ಡ ಹಿಡಿದ, ಆರಡಿ ದೂರ ನಿಲ್ರೀ, ಕೊರೋನಾ, ರಮಾಗೆ ನಗು ಬಂತು, ಅವಳ ಅಜ್ಜಿಗೆ ಗೊತ್ತಿದ್ದ ದೂರ ಇನ್ನೂ ಹೆಚ್ಚು, ಸರ್ಕಾರ ಆರಕ್ಕೆ ಇಳಿಸಿದೆ, ಪ್ರಗತಿ — ನಗಬಾರದಿತ್ತು, ಏನ್ ಕಿಸೀತೀಯೇ ಎಂದವನ ಕಡೆ ಅವಳು ತಿರುಗುವಷ್ಟರಲ್ಲಿ ಹನುಮಮ್ಮ, ಉಸ್ರು ಕಟ್ತದೆ ಕಣಪ್ಪ, ವಸಿ ಕುಂತ್ಕತೀನಿ ಎನ್ನುತ್ತ ಮೆಟ್ಟಿಲಿಗೆ ಕಾಲಿಟ್ಟಳು, ಇಂದ್ರೇಶ ಕೈ ತಾಗಿಸಲಿಲ್ಲ, ಪೊರಕೆಯ ಹಿಡಿಯಿಂದ ಎದೆಗೆ ತಿವಿದ, ಸರಿಯಾಗಿ ಆ ಅರ್ಧ ಶ್ವಾಸಕೋಶದ ಮೇಲೆ, ಮುದುಕಿ ಬೆನ್ನಡಿಯಾಗಿ ಬಿದ್ದಳು, ಮತ್ತೆ ತಿವಿದ, ಭೀಮರಾಜ ಸರ್ ಸರ್ ಎನ್ನುತ್ತಲೇ ಇದ್ದಾನೆ, ಹದಿನೆಂಟು ವರ್ಷದ ಗುಮಾಸ್ತಿಕೆ, ರಮಾಳ ಕೈಗೆ ಸರ್ ಗೊತ್ತಿಲ್ಲ, ಕೈ ಖಾಲಿಯಿದ್ದಿದ್ದರೆ ಕೆನ್ನೆಗೊಂದು ಏಟು ಬೀಳುತ್ತಿತ್ತು ಅಷ್ಟೇ, ಕೈಯಲ್ಲಿದ್ದುದು ಕಲ್ಲು.

ಅವನ ಮೂಗಿನಲ್ಲಿ ಹಸಿ ಸೌದೆ ಮುರಿದ ಸದ್ದು. ಕೂತುಬಿಟ್ಟ ಇಂದ್ರೇಶ, ಬಿಳಿಯ ಮಾಸ್ಕಿನ ನಡುವೆ ಸಾಸಿವೆಯಷ್ಟು ಕೆಂಪು, ಅದು ಕುಂಕುಮದ ಬೊಟ್ಟಾಯಿತು, ಅಂಗೈಯಷ್ಟಾಯಿತು, ಸುವರ್ಣಮ್ಮ ನನ್ ಮಗ ನನ್ ಮಗ ಎಂದು ಧಾವಿಸಿದರೆ ಕರಿಬಸವಯ್ಯ ಸೆರಗು ಹಿಡಿದು ಎಳೆಯುತ್ತಾನೆ, ಹೋಗ್ಬೇಡ ಕಣೇ, ಅವ್ಳು ಮುಟ್ಟಿದಾಳೆ, ಕಾಂಪೌಂಡುಗಳ ಮೇಲೆ ಅಕ್ಕಪಕ್ಕದವರ ಕಣ್ಣುಗಳು, ಯಾರೂ ಇಳಿಯುವುದಿಲ್ಲ, ಎಲ್ಲರೂ ಆರಡಿ, ಶಿಸ್ತೆಂದರೆ ಶಿಸ್ತು, ಭೀಮರಾಜ ತಾಯಿಯನ್ನೆತ್ತಿ ಹೊಸ್ತಿಲು ದಾಟಿಬಿಟ್ಟಿದ್ದಾನೆ, ಒಳಗೆ ಅವಳ ಕೆಮ್ಮು, ಬದುಕಿದ್ದಾಳೆ, ಒಳಗಿದ್ದಾಳೆ, ಬಾರೇ ರಮಾ, ಬಾಗಿಲು ಹಾಕ್ತೀನಿ, ಬೀದಿಯ ತುದಿಯಲ್ಲಿ ಪೊಲೀಸ್ ಜೀಪಿನ ಸೈರನ್ನು, ಹತ್ತಾಯಿತೇ, ಇಂದ್ರೇಶನ ಬಾಯಿಗೆ ರಕ್ತ ತುಂಬಿಕೊಳ್ಳುತ್ತಿದೆ, ಮಾಸ್ಕ್ ತೆಗೆಯದಿದ್ದರೆ ಉಸಿರು ಕಟ್ಟುತ್ತದೆ, ಎಂಟನೆಯ ಕ್ಲಾಸಿನ ಪಾಠ, ಶ್ವಾಸನಾಳ, ಅವನ ಬೆರಳು ಕಿವಿಯ ದಾರಕ್ಕೆ ತಡಕಾಡಿ ತಪ್ಪುತ್ತಿದೆ, ಅವಳು ಕಲ್ಲನ್ನು ಒಂದು ಕೈಯಲ್ಲಿ ಎದೆಗವಚಿಕೊಂಡೇ ಬಗ್ಗಿದಳು, ದಾರದ ಕಡೆ ಕೈ ಚಾಚಿದಳು — ಅವನು ಕುಂಡೆಯ ಮೇಲೇ ಹಿಂದಕ್ಕೆ ತೆವಳಿದ, ಬಟ್ಟೆಯ ಹಿಂದಿನಿಂದ ಗುಳುಗುಳು, ಮುಟ್ಬೇಡ, ಇನ್ನೊಂದು ಗೇಣು ಚಾಚಿದಳು, ಇನ್ನೊಂದು ಗೇಣು ತೆವಳಿದ, ಮುಟ್ಬೇಡ, ಕೆಂಪು ಗದ್ದಕ್ಕಿಳಿದಿದೆ, ಒದ್ದೆ ಬಟ್ಟೆ ಬಾಯೊಳಕ್ಕೆ ಹೀರಿಕೊಳ್ಳುತ್ತದೆ, ಉಬ್ಬುತ್ತದೆ, ಹೀರಿಕೊಳ್ಳುತ್ತದೆ, ಉಬ್ಬುತ್ತದೆ, ಕೆಂಪು, ಹೀರಿಕೊಳ್ಳುತ್ತದೆ —